ಹಳೇ ಅಂಗಡಿಯ ಬೋರ್ಡು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎಷ್ಟು ತಿಕ್ಕಿದರೂ ‘ಹೇಳಿದ ದಿನಕ್ಕೆ ಕೊಡಲಾಗುವುದು’ ಎಂಬ ಸಾಲಿನ ಮೇಲಿನ ಜಿಡ್ಡು ಬಿಡುತ್ತಿರಲಿಲ್ಲ. ಮಗಳು ಸೆರಗು ಸಿಕ್ಕಿಸಿಕೊಂಡು ಮತ್ತೆ ತಿಕ್ಕಿದಳು. ಒಳಗೆ ಹಜಾರದಲ್ಲಿ ಅಪ್ಪನನ್ನು ಮಲಗಿಸಿದ್ದರು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಅಷ್ಟರೊಳಗೆ ಈ ಬೋರ್ಡು ಅವನ ತಲೆಯ ಬಳಿ ನಿಲ್ಲಬೇಕೆಂದು ಅವಳು ಹಟ ಹಿಡಿದಿದ್ದಳು.

ಅದು ಅಪ್ಪನ ಟೈಲರ್ ಅಂಗಡಿಯ ಬೋರ್ಡು. ಈಗ ಅಲ್ಲಿ ಮೊಬೈಲ್ ಮಾರುವವನನ್ನು ಬೆಳಿಗ್ಗೆಯೇ ಕಾಡಿ ಬೇಡಿ ಅಟ್ಟದಿಂದ ಇಳಿಸಿಕೊಂಡು ಬಂದಿದ್ದಳು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕಿದವನು ಹೋಗುವಾಗಲಾದರೂ ಮಾಲೀಕನಾಗಿ ಹೋಗಲಿ ಎಂಬುದು ಅವಳ ಆಸೆ.

ಚಿಕ್ಕಪ್ಪ ಬಂದವರಿಗೆಲ್ಲ ಅದೇ ಕತೆ ಹೇಳುತ್ತಿದ್ದ. ಮಗಳ ಓದಿಗಾಗಿ ಅಣ್ಣ ಅಂಗಡಿಯನ್ನೇ ಮಾರಿದ, ಮಾಲೀಕನಾಗಿದ್ದವನು ಕೂಲಿಯವನಾದ. ಕೇಳಿದವರು ಲೊಚಗುಟ್ಟುತ್ತಿದ್ದರು. ಪ್ರತಿ ಸಲವೂ ಮಗಳ ಎದೆಗೆ ಸೂಜಿ ಚುಚ್ಚಿದಂತಾಗುತ್ತಿತ್ತು.

*

ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಸುವ ಆ ಕಾಲೇಜಿನ ಹೆಸರನ್ನು ಅವಳು ಹನ್ನೆರಡನೇ ವಯಸ್ಸಿನಿಂದಲೂ ಜಪಿಸಿದ್ದಳು. ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಆದರೆ ಅದು ಅರ್ಧ ಫೀಸಿಗಷ್ಟೇ ಸಾಲುತ್ತಿತ್ತು. ಮಿಕ್ಕ ಫೀಸು, ಹಾಸ್ಟೆಲ್ಲು, ಊಟ ಎಲ್ಲ ಕೈಯಿಂದಲೇ. ಇನ್ನಷ್ಟು ಕೊಡಿ ಎಂದು ಬರೆದುಕೊಂಡದ್ದಕ್ಕೆ ಆಗುವುದಿಲ್ಲವೆಂದು ಎರಡೇ ಸಾಲಿನ ಉತ್ತರ ಬಂತು. ಅಪ್ಪ ಅದನ್ನು ಮೂರು ಸಲ ಓದಿದ. ಮರುದಿನ ಕೊರಳಿನ ಟೇಪನ್ನು ತೆಗೆದು ಸುತ್ತಿಡುತ್ತಾ, “ಅಂಗಡಿ ಮಾರ್ತೀನಿ. ನೀನು ಹೋಗು,” ಎಂದ.

ಅವಳು ಬೇಡವೆಂದು ಅತ್ತಳು. ಅಪ್ಪ ಸಿಳ್ಳೆ ಹಾಕುತ್ತಾ ಷಟರ್ ಎಳೆದ. ತನ್ನ ಸಮಾಧಾನಕ್ಕೆ ನಾಟಕ ಆಡುತ್ತಿದ್ದಾನೆ ಎಂದುಕೊಂಡಳು. ಆ ಸಿಳ್ಳೆ ಹಾಸ್ಟೆಲಿನಲ್ಲೂ ಅವಳ ಬೆನ್ನು ಬಿಡಲಿಲ್ಲ. ಒಳ್ಳೆಯ ಕೆಲಸ ಸಿಕ್ಕ ಮೇಲೆ, ಮತ್ತೆ ಅಂಗಡಿ ಹಾಕಿಕೊಡುತ್ತೇನೆಂದು ಎಷ್ಟೋ ಸಲ ಹೇಳಿದಳು. ಅಪ್ಪ ಮುಖ ಆ ಕಡೆ ತಿರುಗಿಸಿ, ನಾಳೆ ಮಾತಾಡೋಣ ಎನ್ನುತ್ತಿದ್ದ. ಗಾಯ ಕೆದಕುವುದು ಬೇಡವೆಂದು ಅವಳೂ ಸುಮ್ಮನಾದಳು. ಆಸ್ಪತ್ರೆಯ ಆ ಹೊಲಿಗೆ ಕೋಣೆಗೆ ಒಂದು ದಿನವೂ ಕಾಲಿಡಲಿಲ್ಲ.

*

ಬೋರ್ಡನ್ನು ಹಜಾರಕ್ಕೆ ತಂದಾಗ ಆಸ್ಪತ್ರೆಯವರು ಆಗಲೇ ಬಂದು ಕೂತಿದ್ದರು. ಅಷ್ಟೂ ವರ್ಷ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ರೋಗಿಗಳ ಅಂಗಿಗಳಿಗೆ ಗುಂಡಿ ಹಚ್ಚಿದ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ಗುಂಡಿಯಕ್ಕ. ಬೋರ್ಡು ಕಂಡದ್ದೇ ಅವಳು ಎದ್ದು ಬಂದಳು.

“ಅದನ್ನ ಅವರ ತಲೆ ಹತ್ರ ಇಡಬೇಡಮ್ಮ. ಎದ್ದು ಹಿಂಬಾಗಿಲಿಂದ ಓಡಿ ಹೋಗ್ತಾರೆ.”

ಮಗಳಿಗೆ ಸಿಟ್ಟು ನೆತ್ತಿಗೇರಿತು. ಅದು ಅಪ್ಪನ ಜೀವ, ನನಗೋಸ್ಕರ ಕಳೆದುಕೊಂಡದ್ದು ಎಂದಳು. ಗುಂಡಿಯಕ್ಕ ಸೀಮೆಎಣ್ಣೆ ನಾರುತ್ತಿದ್ದ ಅವಳ ಕೈಯನ್ನೇ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಿನಗೋಸ್ಕರ ಮಾರಿದ್ದು ನಿಜ. ಕಳ್ಕೊಂಡೆ ಅಂತ ಕೊರಗಿದ್ದು ಸುಳ್ಳು. ಹೊಲಿಗೆ ಅಂದ್ರೆ ಪ್ರಾಣ ಅವರಿಗೆ, ಗಿರಾಕಿ ಅಂದ್ರೆ ಪ್ರಾಣಸಂಕಟ. ಆಗಲ್ಲ ಅನ್ನಕ್ಕೆ ಬಾಯೇ ಬರ್ತಿರ್ಲಿಲ್ವಂತೆ. ಬೆಡ್‌ಶೀಟು ಎದ್ದು ಬಂದು ನಂದು ಆಯ್ತಾ ಅಂತ ಕೇಳಲ್ಲ ಗುಂಡಿಯಕ್ಕ, ನನ್ನ ಮಗಳು ಓದಕ್ಕೆ ಹೋಗಿ ನನ್ನನ್ನ ಬಿಡಿಸಿದ್ಲು, ಅಂತಿದ್ರು.”

ಮಗಳಿಗೆ ಅಂಗಡಿಯ ಹಿಂಬಾಗಿಲು ನೆನಪಾಯಿತು. ತಾಯಿ ತೀರಿಕೊಂಡಾಗ ಅವಳಿಗೆ ಆರು ವರ್ಷ. ಆಮೇಲೆ ಮನೆಗೂ ಅಂಗಡಿಗೂ ಅಪ್ಪ ಮಗಳು ಇಬ್ಬರೇ. ದೂರದಲ್ಲಿ ಗಿರಾಕಿ ಕಂಡರೆ ಅಪ್ಪ ಪರದೆಯ ಹಿಂದಿನಿಂದ ಹಿತ್ತಲ ಓಣಿಗೆ ಜಾರುತ್ತಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತು, ಅಪ್ಪ ಇಲ್ಲ, ನಾಳೆ ಬನ್ನಿ ಎನ್ನಬೇಕಿತ್ತು. ಅದೊಂದು ಆಟ ಎಂದೇ ಅವಳು ತಿಳಿದಿದ್ದಳು.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳ್ಬಿಡಿ ಅಂತ ನಾನೂ ಬೈದೆ. ನಾಳೆ ಹೇಳ್ತೀನಿ ಅಂದ್ರು. ತ್ಯಾಗ ಅಂದ್ಕೊಂಡಿದಾಳೆ, ಇರ್ಲಿ ಬಿಡು, ನನ್ನ ಮೇಲೆ ರೇಗೋದಾದ್ರೂ ಕಮ್ಮಿ ಇರತ್ತೆ ಅಂತ ನಗ್ತಿದ್ರು.”

ಇಷ್ಟು ವರ್ಷ ತನ್ನನ್ನು ಸುಮ್ಮನೆ ಬೇಯಿಸಿದನಲ್ಲ ಎಂದು ಮಗಳಿಗೆ ರೇಗಿತು. ಮರುಕ್ಷಣವೇ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗಲಿಲ್ಲ. ಚಿಕ್ಕಪ್ಪ ಕತೆ ನಿಲ್ಲಿಸಿ ಕಣ್ಣು ಬಿಟ್ಟುಕೊಂಡು ನೋಡಿದ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಅವಳು ಬೋರ್ಡನ್ನು ಎತ್ತಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಇಟ್ಟು ಬಂದಳು.

ನಾಲ್ಕಕ್ಕೆ ಗಾಡಿ ಬಂತು. ಮುಂಬಾಗಿಲ ಮೊಗಸಾಲೆಯ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಊರಿಗೆಲ್ಲ ಮನೆ ನಕ್ಷೆ ಬರೆದುಕೊಡುವವಳಿಗೆ ತನ್ನ ಮನೆಯದೇ ಈ ಇಕ್ಕಟ್ಟು ಹೊಳೆದಿರಲಿಲ್ಲ. ಹಿಂದಿನಿಂದಲೇ ಆಗಬೇಕು ಎಂದರು ಗಾಡಿಯವರು. ಕಳ್ಳನ ಹಾಗೆ ಹಿಂಬಾಗಿಲಿನಿಂದ ಒಯ್ಯುವುದೇ ಎಂದು ಚಿಕ್ಕಪ್ಪ ಸಿಡುಕಿದ.

“ಅಲ್ಲಿಂದಲೇ ಕರ್ಕೊಂಡು ಹೋಗ್ಲಿ ಚಿಕ್ಕಪ್ಪ,” ಎಂದಳು ಮಗಳು. “ಅಪ್ಪನಿಗೆ ಅದೇ ಅಭ್ಯಾಸ.”

ಅಪ್ಪನ ಹಣೆ ಸವರಿದಳು. ಸ್ಟ್ರೆಚರ್ ಅಡುಗೆಮನೆ ದಾಟುತ್ತಿದ್ದಾಗ ಮುಂಬಾಗಿಲಲ್ಲಿ ಯಾರೋ ಕೆಮ್ಮಿದರು. ಅವಳು ಹೋಗಿ ನೋಡಿದಳು. ಅಂಗಡಿಯ ಕಾಲದ ಗಿರಾಕಿಯೊಬ್ಬರು, ಈಗ ಮುದುಕರು, ಅಪ್ಪ ಹೊಲಿದ ಕೋಟನ್ನೇ ತೊಟ್ಟು ಏದುಸಿರು ಬಿಡುತ್ತಾ ಬಂದಿದ್ದರು. ಮೆಟ್ಟಿಲ ಮೇಲಿನ ಬೋರ್ಡನ್ನು ಕಣ್ಣು ಕಿರಿದು ಮಾಡಿ ಓದಿ, ಕೈಯಲ್ಲಿದ್ದ ಹೂವು ಸರಿಮಾಡಿಕೊಂಡರು.

“ಇನ್ನೂ ಇದ್ದಾರಾ ಮಗೂ?”

ಅವಳು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಅಡ್ಡ ನಿಂತಳು.

“ಅಪ್ಪ ಇಲ್ಲ,” ಎಂದಳು.

ಅಡುಗೆಮನೆಯ ಆಚೆ ಹಿಂಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.