ಕುಮುದಾ ಟೀಚರ್ ಪ್ರಾರ್ಥನೆಯಲ್ಲಿ ಹೇಳಿಬಿಟ್ಟದ್ದು

ಕುಮುದಾ ಟೀಚರ್ ಪ್ರಾರ್ಥನೆಗೆ ನಿಂತರೆ ಸಾಗರದ ಚರ್ಚಿನ ಸಭೆಯಲ್ಲಿ ಮಕ್ಕಳೂ ಕೆಮ್ಮುತ್ತಿರಲಿಲ್ಲ. ಯಾರಿಗೆ ಪಿತ್ತಕೋಶದಲ್ಲಿ ಕಲ್ಲು, ಯಾರ ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂದು ನಿಂತಿದೆ, ಯಾರ ಮಗ ಗಣಿತದಲ್ಲಿ ಎಷ್ಟು ಅಂಕದಿಂದ ನಪಾಸು, ಎಲ್ಲವನ್ನೂ ಊರು, ತಾಲ್ಲೂಕು ಸಮೇತ ದೇವರಿಗೆ ಒಪ್ಪಿಸುತ್ತಿದ್ದರು. ವಿಳಾಸ ಸರಿಯಾಗಿ ಹೇಳದಿದ್ದರೆ ದೇವರು ದಾರಿ ತಪ್ಪಿ ಬೇರೆಯವರ ಮನೆ ಬಾಗಿಲು ತಟ್ಟಿಬಿಟ್ಟಾನು ಎಂಬ ಭಯ ಇತ್ತೋ ಏನೋ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದವರು. ವಾಕ್ಯ ಎಲ್ಲಿ ನಿಲ್ಲಬೇಕು, ದನಿ ಎಲ್ಲಿ ನಡುಗಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ಊರಿನ ಪುಟ್ಟ ಸಭೆಗಳಿಗೆ ಪಾಸ್ಟರ್ ಒಬ್ಬರೇ, ದೇವಪ್ರಿಯ ಎಂದು ಹೆಸರು. ಭಾನುವಾರ ಬೆಳಿಗ್ಗೆ ಒಂದೂರಲ್ಲಿ ಆರಾಧನೆ, ಮಧ್ಯಾಹ್ನ ಇನ್ನೊಂದೂರಲ್ಲಿ, ಸಂಜೆ ಮತ್ತೊಂದರಲ್ಲಿ. ಹೀಗೆ ಬೈಕಿನ ಮೇಲೆಯೇ ಅವರ ಅರ್ಧ ಆಯಸ್ಸು ಹೋಗುತ್ತಿದ್ದುದರಿಂದ ವಾರದ ಮನೆ ಪ್ರಾರ್ಥನೆಗಳನ್ನೆಲ್ಲ ಕುಮುದಾ ಟೀಚರೇ ನಡೆಸುತ್ತಿದ್ದರು. ಮೂರೂರಿನಲ್ಲೂ ಅವರ ಮಾತಿಗೆ ಎದುರು ಮಾತಿರಲಿಲ್ಲ. ಇದ್ದರೂ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಜನವರಿಯ ಒಂದು ದಿನ ಟೀಚರ ಮನೆಗೆ ಸ್ವಪ್ನಾ ಬಂದಳು. ಅವಳು ಟೀಚರ ಸಂಡೇ ಸ್ಕೂಲಿನಲ್ಲಿ ಬೆಳೆದ ಹುಡುಗಿ. ಮದುವೆಯಾಗಿ ಹೊಸನಗರ ಸೇರಿ, ಅಲ್ಲೊಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಜಯಶೀಲನದು ಸ್ವಂತ ವೆಲ್ಡಿಂಗ್ ಶಾಪು. ಅವನು ಕುಡಿತಕ್ಕೆ ಬಿದ್ದಿದ್ದ. ಈಗ ತಾನಾಗಿಯೇ ಮನಸ್ಸು ಮಾಡಿ, ಶಿವಮೊಗ್ಗದಲ್ಲಿ ಕುಡಿತ ಬಿಡಿಸುವ ಕೇಂದ್ರಕ್ಕೆ ಒಂದು ತಿಂಗಳ ಮಟ್ಟಿಗೆ ಸೇರಿದ್ದ.

"ಯಾರಿಗೂ ಗೊತ್ತಾಗ್ಬಾರ್ದು ಟೀಚರ್," ಎಂದು ಸ್ವಪ್ನಾ ಕೈ ಹಿಡಿದುಕೊಂಡಳು. "ಮರ್ಯಾದೆ ಹೋದ್ರೆ ನಾನು ಬದುಕಲ್ಲ ಅಂದಿದಾರೆ. ನಿಮಗೊಬ್ರಿಗೇ ಹೇಳ್ತಾ ಇದೀನಿ. ನೀವು ಪ್ರಾರ್ಥನೆ ಮಾಡಿ."

ಟೀಚರ್ ಮಾಡಿದರು. ಮುಂದಿನ ಗುರುವಾರ ತೀರ್ಥಹಳ್ಳಿಯ ಮನೆ ಪ್ರಾರ್ಥನೆಯಲ್ಲಿ, ಹದಿನಾಲ್ಕು ಜನರ ನಡುವೆ, ಕಣ್ಣು ಮುಚ್ಚಿ, ದನಿ ಎತ್ತಿ: "ಕರ್ತನೇ, ಕುಡಿತದ ಬಲೆಯಿಂದ ಬಿಡುಗಡೆಗಾಗಿ ಕೇಂದ್ರ ಸೇರಿರುವ ನಮ್ಮ ಹೊಸನಗರದ ಸಹೋದರ ಜಯಶೀಲನನ್ನು ನೆನಪು ಮಾಡಿಕೋ." ದೇವರು ನೆನಪು ಮಾಡಿಕೊಂಡನೋ ಇಲ್ಲವೋ, ತೀರ್ಥಹಳ್ಳಿ ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿತು. ಚಹಾ ಲೋಟ ತೊಳೆದಿಡುವುದರೊಳಗೆ ಸುದ್ದಿ ಹೊಸನಗರ ಮುಟ್ಟಿತ್ತು.

ಜಯಶೀಲನ ಹತ್ತೊಂಬತ್ತನೇ ದಿನ ಭಾನುವಾರ. ಕೇಂದ್ರದಲ್ಲಿ ನೆಂಟರನ್ನು ಒಳಗೆ ಬಿಡುವ ದಿನ. ತೀರ್ಥಹಳ್ಳಿಯ ಚಿಕ್ಕಪ್ಪನ ಮಗನೊಬ್ಬ ಕಿತ್ತಳೆ ಹಣ್ಣು ಹಿಡಿದುಕೊಂಡು ಹೋಗಿ, "ಎಂತದೂ ಬೇಜಾರು ಮಾಡ್ಕಬೇಡ ಮಾರಾಯ. ಕುಮುದಾ ಟೀಚರ್ ಪ್ರಾರ್ಥನೆ ಕೇಳಿ ನಾವೆಲ್ಲ ಅತ್ತುಬಿಟ್ವಿ," ಎಂದು ಸಮಾಧಾನ ಹೇಳಿದ. ಆ ಮಧ್ಯಾಹ್ನವೇ ಜಯಶೀಲ ಗೇಟು ದಾಟಿ ನಡೆದ. ಮೂರನೇ ದಿನ ಯಾವುದೋ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸ್ವಪ್ನಾಳಿಗೆ ಸಿಕ್ಕ. ಮನೆಗೆ ಬಂದವನು ಶಾಪಿನ ಶಟರ್ ಎತ್ತಲಿಲ್ಲ, ಬೀದಿಗೆ ಇಳಿಯಲಿಲ್ಲ. ಕುಡಿಯುವುದೊಂದೇ ಕೆಲಸವಾಯಿತು.

ಸ್ವಪ್ನಾ ಅತ್ತು ಮುಗಿಸಿ, ಒಂದು ದಿನ ರಜೆ ಹಾಕಿ, ಸಾಗರದ ಬಸ್ಸು ಹತ್ತಿದಳು.

ಈಗ ಒಂದು ಸಂಗತಿ ಹೇಳಲೇಬೇಕು. ಸಹೋದರ ನಿನಗೆ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂದು ಯೇಸುಸ್ವಾಮಿ ಕಲಿಸಿದ್ದನ್ನು ಟೀಚರ್ ಸಂಡೇ ಸ್ಕೂಲಿನಲ್ಲಿ ಕೈ ಆಡಿಸಿ ಹೇಳಿಕೊಡುತ್ತಿದ್ದರು. ಒಂದು ಬೆರಳು, ಆಮೇಲೆ ಎರಡು ಬೆರಳು, ಆಮೇಲೆ ಇಡೀ ಅಂಗೈ. ಮೂರೂರಿನ ಮಕ್ಕಳಿಗೆ ಇದು ಬಾಯಿಪಾಠ. ಈ ಪಾಠದ ಪ್ರಕಾರ ಯಾರಾದರೂ ತನ್ನ ಮನೆಗೇ ಬಂದಾರು ಎಂದು ಟೀಚರ್ ಒಂದು ದಿನವೂ ಯೋಚಿಸಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಸ್ವಪ್ನಾ ಕುರ್ಚಿಯ ತುದಿಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಕೂಗಲಿಲ್ಲ. ಕೂಗಿದ್ದರೆ ಟೀಚರಿಗೆ ಸುಲಭವಾಗುತ್ತಿತ್ತು.

"ಪ್ರಾರ್ಥನೆ ಮಾಡಿದ್ದು ತಪ್ಪಾ?" ಎಂದರು ಟೀಚರ್. "ನಾನು ಯಾರ ಹತ್ರ ಹೇಳಿದೀನಿ? ಕರ್ತನ ಹತ್ರ ಹೇಳಿದೀನಿ."

"ಕರ್ತನಿಗೆ ನಾನು ಮೊದ್ಲೇ ಹೇಳಿದ್ದೆ ಟೀಚರ್," ಎಂದಳು ಸ್ವಪ್ನಾ.

ಟೀಚರ ಮುಖ ಕೆಂಪಾಯಿತು. ಇದುವರೆಗೆ ಯಾರೂ ಅವರ ವಾಕ್ಯವನ್ನು ಹೀಗೆ ತಿದ್ದಿರಲಿಲ್ಲ. "ಚಹಾ ಆರಿ ಹೋಗ್ತದೆ, ಕುಡಿ," ಎಂದು ಮಾತು ಮುಗಿಸಿದರು. ಸ್ವಪ್ನಾ ಚಹಾ ಮುಟ್ಟದೆ ಎದ್ದು ಹೋದಳು.

ಹತ್ತು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಜೊತೆಯಲ್ಲಿ ಗೋಪಾಲಪ್ಪ. ಹೊಸನಗರದ ಮುದುಕ ಬಡಗಿ. ನಲವತ್ತು ದಾಟಿದ ಮೇಲೆ ಯೇಸುವಿನ ವಿಶ್ವಾಸಕ್ಕೆ ಬಂದವರು. ಹೆಸರು ಬದಲಿಸಿಕೊಳ್ಳಿ ಎಂದವರಿಗೆ, "ಕರ್ತ ಕರ್ದಿದ್ದೇ ಈ ಹೆಸರು ಹಿಡಿದು," ಎಂದಿದ್ದರಂತೆ. ಓದು ನಾಲ್ಕನೇ ಕ್ಲಾಸು.

"ಗೋಪಾಲಪ್ಪ, ನೀವು ನನಗೆ ಬುದ್ಧಿ ಹೇಳೋಕೆ ಬಂದ್ರಾ?" ಟೀಚರ ದನಿಯಲ್ಲಿ ಕ್ಲಾಸ್ ರೂಮಿತ್ತು.

"ಇಲ್ಲ ಟೀಚರಮ್ಮ. ಸಾಕ್ಷಿಗೆ ಬಂದೀನಿ. ಸಾಕ್ಷಿ ಕೆಲಸ ಕೂತು ಕೇಳೋದಷ್ಟೇ." ಮುದುಕ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಒಂದು ಮಾತು ಮಾತ್ರ ಹೇಳ್ತೀನಿ. ನಾನೂ ಕುಡೀತಿದ್ದೆ. ಬಿಟ್ಟಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ಅದಕ್ಕೇ ಬಿಡೋಕಾಯ್ತು. ಇವತ್ತು ಸೋತ್ರೂ ನೋಡೋರಿಲ್ಲ ಅಂತ ನಾಳೆ ಮತ್ತೆ ಬಿಡೋಕೆ ಶುರು ಮಾಡ್ತಿದ್ದೆ. ಆ ಹುಡುಗಂಗೆ ನೀವು ಅದೊಂದು ಮರೆ ಇಲ್ಲದ ಹಾಗೆ ಮಾಡಿಬಿಟ್ರಿ."

"ನನ್ನ ಮನಸ್ಸಲ್ಲಿ ಕೆಟ್ಟದ್ದು ಇರ್ಲಿಲ್ಲ. ಅದು ದೇವರಿಗೆ ಗೊತ್ತು," ಎಂದು ಟೀಚರ್ ಎದ್ದು ನಿಂತರು. ಅವರು ಎದ್ದು ನಿಂತರೆ ಪೀರಿಯಡ್ ಮುಗಿಯಿತೆಂದೇ ಲೆಕ್ಕ.

ಸ್ವಪ್ನಾ ಬಾಗಿಲ ಬಳಿ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿ ಗಟ್ಟಿಯಿತ್ತು. "ಇನ್ನು ಮೂರನೇದು ಟೀಚರ್. ಮುಂದಿನ ಭಾನುವಾರ ಹೊಸನಗರದಲ್ಲಿ ಮೂರೂರಿನ ಆರಾಧನೆ ಒಟ್ಟಿಗೆ ಇದೆಯಲ್ಲ, ಅಲ್ಲಿ ಹೇಳ್ತೀನಿ. ನಂಗೆ ಇಷ್ಟ ಇಲ್ಲ. ನೀವು ನಂಗೆ ಬೇಡ ಅನ್ಸಿದ್ರೆ ಸುಮ್ನೆ ಬೇರೆ ಸಭೆಗೆ ಹೋಗ್ತಿದ್ದೆ. ನೀವು ಬೇಕು ನಂಗೆ. ಅದಕ್ಕೇ ಬಂದಿದ್ದು."

ಅಷ್ಟು ಹೇಳಿ ಹೋದಳು. ಟೀಚರಿಗೆ ಊಟ ಸೇರಲಿಲ್ಲ. ಮಾರನೇ ದಿನವೇ ಪಾಸ್ಟರಿಗೆ ಫೋನ್ ಮಾಡಿ, ಆರಾಧನೆಯಲ್ಲಿ ಇಂಥದ್ದಕ್ಕೆಲ್ಲ ಅವಕಾಶ ಕೊಡಬಾರದು, ಸಭೆಯ ಶಿಸ್ತು ಏನಾಗಬೇಕು ಎಂದು ವಾದಿಸಿದರು. ಪಾಸ್ಟರ್ ದೇವಪ್ರಿಯ ಎಲ್ಲ ಕೇಳಿಸಿಕೊಂಡು, "ಅವಳನ್ನ ತಡೆಯೋಕೆ ನಂಗೆ ಆಗಲ್ಲ ಟೀಚರ್. ನಿಮಗೆ ಆಗ್ತದೆ," ಎಂದರು. ಟೀಚರ್ ಫೋನ್ ಇಟ್ಟು, ಇಂದಿನ ಪಾಸ್ಟರುಗಳಿಗೆ ಬೆನ್ನುಮೂಳೆಯೇ ಇಲ್ಲ ಎಂದು ಗೋಡೆಗೆ ಹೇಳಿದರು.

ಶನಿವಾರ ಬೆಳಿಗ್ಗೆ ಅವರು ಭಾನುವಾರದ ಪ್ರಾರ್ಥನೆ ಸಿದ್ಧಮಾಡಲು ಕೂತರು. ಮೂರೂರು ಸೇರುವ ದಿನ ಎಲ್ಲರ ಕಷ್ಟಸುಖಕ್ಕಾಗಿ ಮಾಡುವ ವಿಜ್ಞಾಪನೆಯ ಪ್ರಾರ್ಥನೆ ಯಾವಾಗಲೂ ಅವರದೇ. ಜಯಶೀಲನ ಬಗ್ಗೆಯೂ ಮಾಡೋಣ, ಈ ಸಲ ಮನಸ್ಸಿನಲ್ಲೇ ಮಾಡೋಣ, ಆಗ ಯಾರೇನು ಅನ್ನುತ್ತಾರೆ ನೋಡೋಣ ಎಂದು ಕಣ್ಣು ಮುಚ್ಚಿದರು. ಮಾತೇ ಬರಲಿಲ್ಲ. ಕೇಳುವವರಿಲ್ಲದ ಕೋಣೆಯಲ್ಲಿ ಜಯಶೀಲನ ವಿಷಯ ದೇವರಿಗೆ ಹೇಳಲು ಅವರ ಬಳಿ ಒಂದು ವಾಕ್ಯವೂ ಇರಲಿಲ್ಲ. ಅವನು ಊಟ ಮಾಡುತ್ತಾನೋ, ರಾತ್ರಿ ನಿದ್ದೆ ಬರುತ್ತದೋ, ಅವನಿಗೆ ಯಾವುದರ ಭಯ, ಒಂದೂ ಗೊತ್ತಿರಲಿಲ್ಲ. ಹೊಸನಗರಕ್ಕೆ ಹೋದಾಗಲೆಲ್ಲ ಅವನ ಶಾಪಿನ ಮುಂದೆಯೇ ದಾಟಿಹೋಗಿದ್ದರು. ಒಂದು ದಿನವೂ ಒಳಗೆ ಇಣುಕಿರಲಿಲ್ಲ.

ಆಗ ತೀರ್ಥಹಳ್ಳಿಯ ಆ ಗುರುವಾರ ಪೂರ್ತಿ ನೆನಪಾಯಿತು. ಜಯಶೀಲನ ಹೆಸರು ಹೇಳಿದಾಗ ಯಾರೋ "ಅಯ್ಯೋ" ಎಂದಿದ್ದರು. ಅದು ಕಿವಿಗೆ ಬಿದ್ದು, ಇನ್ನಷ್ಟು ಜನರಿಗೆ ನಾಟಲೆಂದು ತಾನು ಅಲ್ಲಿ ಒಂದು ಕ್ಷಣ ನಿಲ್ಲಿಸಿದ್ದು ನೆನಪಾಯಿತು. ನಿಲ್ಲಿಸಿದ್ದಷ್ಟೇ ಅಲ್ಲ, ಆ "ಅಯ್ಯೋ" ಕೇಳಿ ತನಗೆ ಖುಷಿಯಾಗಿತ್ತು. ಹೌದು, ಖುಷಿ. ಅದಕ್ಕೆ ಬೇರೆ ಹೆಸರಿಲ್ಲ. ಕುಮುದಾ ಟೀಚರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮಗುವಿನಂತೆ ಅತ್ತರು. ಅಂದು ಅವರು ದೇವರಿಗೆ ಹೇಳಿದ್ದು ಎರಡೇ ಪದ: ತಪ್ಪು ನನ್ನದು. ಅವರ ಜೀವಮಾನದ ಅತಿ ಚಿಕ್ಕ ಪ್ರಾರ್ಥನೆ ಅದೇ ಇರಬೇಕು.

ಭಾನುವಾರ ಮೊದಲ ಬಸ್ಸಿಗೇ ಹೊಸನಗರ ತಲುಪಿ ನೇರ ಜಯಶೀಲನ ಮನೆಗೆ ಹೋದರು. ಸ್ವಪ್ನಾ ಊಟದ ಅಡುಗೆಗೆ ಕೈಜೋಡಿಸಲು ಆಗಲೇ ಸಭೆಯ ದೇವಾಲಯಕ್ಕೆ ಹೋಗಿದ್ದಳು. ಜಯಶೀಲ ಜಗಲಿಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು, ಬೆಳಗಿನ ಹೊತ್ತಲ್ಲೇ ಕೈ ನಡುಗುತ್ತಿತ್ತು. ಟೀಚರನ್ನು ಕಂಡವನೇ ಎದ್ದು ಒಳಗೆ ಹೋಗಲು ನೋಡಿದ.

"ಜಯಶೀಲ, ಒಂದ್ನಿಮಿಷ ನಿಲ್ಲಪ್ಪ," ಎಂದರು ಟೀಚರ್. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಕೈಕೊಟ್ಟಿತು. "ನಿನ್ನ ಗುಟ್ಟು ನಂದಾಗಿರ್ಲಿಲ್ಲ. ಅದನ್ನ ನಾನು ಪ್ರಾರ್ಥನೆ ಅಂತ ಹೆಸ್ರು ಕೊಟ್ಟು ಹಂಚಿದೆ. ತಪ್ಪಾಯ್ತು. ಕ್ಷಮ್ಸು ಅಂತ ಕೇಳೋಕೆ ಬಂದೆ." ಅರವತ್ತೆರಡು ವರ್ಷದ ಹೆಂಗಸು ಮೂವತ್ತಾರರ ಹುಡುಗನ ಮುಂದೆ ಕೈ ಮುಗಿದು ನಿಂತಿದ್ದರು.

ಜಯಶೀಲ ಅವರನ್ನೇ ನೋಡಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕ್ಷಮೆ ಕೇಳುವುದಷ್ಟೇ ನಮ್ಮ ಪಾಲಿನದು, ಕೊಡುವುದು ಅವನಿಗೆ ಬಿಟ್ಟದ್ದು ಎಂದುಕೊಂಡು ಟೀಚರ್ ದೇವಾಲಯದ ದಾರಿ ಹಿಡಿದರು. ಹಿಂದಕ್ಕೆ ತಿರುಗಲಿಲ್ಲ.

ದೇವಾಲಯ ತುಂಬಿತ್ತು. ಮೂರೂರಿನ ಜನ, ಹಿತ್ತಲಿನಲ್ಲಿ ಕೋಳಿ ಸಾರಿನ ಘಮ. ಪ್ರಕಟಣೆಗಳು ಮುಗಿದ ಮೇಲೆ ಪಾಸ್ಟರ್, "ಯಾರಾದ್ರೂ ಸಭೆಗೆ ಹೇಳೋದಿದ್ರೆ..." ಎಂದರು. ಸ್ವಪ್ನಾ ಸೆರಗು ಸರಿಮಾಡಿಕೊಂಡಳು. ಅವಳು ಏಳುವ ಮೊದಲೇ ಟೀಚರ್ ಎದ್ದು ನಿಂತರು.

"ಸ್ವಪ್ನಾ, ನೀನು ಕೂತ್ಕೊ. ನಾನೇ ಹೇಳ್ತೀನಿ." ಮುಂದೆ ಹೋಗಿ ಸಭೆಗೆ ಮುಖಮಾಡಿ ನಿಂತರು. "ಒಬ್ರು ನನ್ನ ನಂಬಿ ಒಂದು ವಿಷಯ ಹೇಳಿದ್ರು. ನಾನು ಅದನ್ನ ಜೋರಾಗಿ ಪ್ರಾರ್ಥನೆ ಮಾಡಿ ಮೂರೂರಿಗೂ ಮುಟ್ಟಿಸ್ದೆ. ಅವರ ಮೇಲಿನ ಪ್ರೀತಿಗಲ್ಲ. ನೀವೆಲ್ಲ ಅಯ್ಯೋ ಅನ್ನೋದು ಕೇಳೋಕೆ. ಅದಕ್ಕೆ ಚಾಡಿ ಅಂತಾರೆ, ಪ್ರಾರ್ಥನೆ ಅನ್ನಲ್ಲ. ನಂಗೆ ತಿಳಿಸೋಕೆ ನನ್ನ ಮನೆಗೆ ಎರಡು ಸಲ ಬಂದ್ರು, ಎರಡು ಸಲವೂ ಕೇಳ್ಲಿಲ್ಲ. ಇವತ್ತು ಆ ಮನೆಯವ್ರ ಮುಂದೆ, ದೇವರ ಮುಂದೆ, ನಿಮ್ಮ ಮುಂದೆ ತಪ್ಪು ಒಪ್ಕೊಳ್ತೀನಿ."

ಎರಡನೇ ಸಾಲಿನಲ್ಲಿ ಕೂತ ಹೆಂಗಸೊಬ್ಬಳು ಪಕ್ಕದವಳನ್ನು ತಿವಿದು, "ಯಾರ ವಿಷಯ?" ಎಂದಳು, ಪಿಸುಮಾತಿಗಿಂತ ಸ್ವಲ್ಪ ಜೋರಾಗಿಯೇ.

"ಅದು ನಿಮಗೆ ಬೇಡ," ಎಂದರು ಟೀಚರ್.

"ನನ್ನ ವಿಷಯ," ಎಂದಿತು ಹಿಂದಿನಿಂದ ಒಂದು ದನಿ.

ಬಾಗಿಲಲ್ಲಿ ಜಯಶೀಲ ನಿಂತಿದ್ದ. ಗಡ್ಡ ಬೋಳಿಸಿ, ಕೆನ್ನೆಯಲ್ಲಿ ಎರಡು ಕಡೆ ಗಾಯ ಮಾಡಿಕೊಂಡಿದ್ದ. ಕೈಯಲ್ಲಿ ಒಂದು ಬಟ್ಟೆ ಬ್ಯಾಗು. ಸ್ವಪ್ನಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವನು ನಡುವಿನ ದಾರಿಯಲ್ಲಿ ನಡೆದು ಬಂದ, ಅಕ್ಕಪಕ್ಕ ನೋಡಲಿಲ್ಲ.

"ಬೇರೆಯವ್ರು ಹೇಳಿದ್ದಕ್ಕೆ ಸತ್ತು ಹೋಗೋಣ ಅನ್ಸಿತ್ತು," ಎಂದ. "ಈಗ ನಾನೇ ಹೇಳ್ತೀನಿ. ನಾನು ಕುಡುಕ. ಹತ್ತೊಂಬತ್ತು ದಿನ ಬಿಟ್ಟಿದ್ದೆ, ಮತ್ತೆ ಬಿದ್ದೆ. ಎರಡೂವರೆ ಬಸ್ಸಿಗೆ ಶಿವಮೊಗ್ಗಕ್ಕೆ ವಾಪಸ್ ಹೋಗ್ತೀನಿ. ಮೊದಲ್ನೇ ದಿನದಿಂದ ಶುರು." ಮತ್ತೆ ಟೀಚರ ಕಡೆ ತಿರುಗಿದ. "ಟೀಚರ್, ಬೆಳಿಗ್ಗೆ ಬಾಗ್ಲು ಹಾಕಿದ್ದು ಸಿಟ್ಟಿಗಲ್ಲ. ನೀವು ಕೈ ಮುಗಿದಿದ್ದು ನೋಡೋಕಾಗ್ಲಿಲ್ಲ. ನಿಮ್ಮಂಥೋರಿಗೇ ತಪ್ಪಾಯ್ತು ಅನ್ನೋಕೆ ಆಗ್ತದೆ ಅಂದ್ರೆ ನಂಗ್ಯಾಕೆ ಆಗಲ್ಲ ಅನ್ಸ್ತು. ಕ್ಷಮಿಸಿದೀನಿ. ಮನಸಾರೆ."

ಸ್ವಪ್ನಾ ಓಡಿ ಬಂದು ಟೀಚರನ್ನು ತಬ್ಬಿಕೊಂಡಳು, ಗಂಡನನ್ನು ಒಂದು ಕೈಯಲ್ಲಿ ಎಳೆದುಕೊಂಡೇ. ಗೋಪಾಲಪ್ಪ ಇಂಥ ಹೊತ್ತಿಗೆ ಯಾವ ಹಾಡು ಎಂದು ಪುಸ್ತಕ ಹುಡುಕುತ್ತ ಕೂರುವವರಲ್ಲ; ಬಂದ ಹಾಡನ್ನು ಬಂದ ಶ್ರುತಿಯಲ್ಲಿ ಎತ್ತಿಯೇ ಬಿಟ್ಟರು. ಇಡೀ ಸಭೆ ಎದ್ದು ನಿಂತು ಹಾಡಿತು. ತೀರ್ಥಹಳ್ಳಿಯ ಆ ಕಿತ್ತಳೆ ಹಣ್ಣಿನ ನೆಂಟ ಎಲ್ಲರಿಗಿಂತ ಜೋರಾಗಿ ಅಳುತ್ತ ಹಾಡುತ್ತಿದ್ದ. ಆ ದಿನ ಬೋಧಿಸಲು ಬರೆದು ತಂದಿದ್ದ ಪ್ರಸಂಗವನ್ನು ಪಾಸ್ಟರ್ ಮಡಚಿ ಜೇಬಿಗಿಟ್ಟರು, ಇನ್ನು ಹೇಳಲು ಉಳಿದದ್ದೇನೂ ಇರಲಿಲ್ಲ.

ಊಟ ಮುಗಿಸಿ ಎಪ್ಪತ್ತು ಜನ ಬಸ್ ಸ್ಟ್ಯಾಂಡಿಗೆ ಹೊರಟರು. ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಕುಮುದಾ ಟೀಚರ್ ಜಯಶೀಲನ ಬ್ಯಾಗು ಹಿಡಿದುಕೊಂಡಿದ್ದರು, ಕೇಳಿದರೂ ಕೊಡಲಿಲ್ಲ. ಮೂರೂರಿಗೆ ಮಾದರಿ ಎನಿಸಿಕೊಂಡಿದ್ದ ಇಷ್ಟು ವರ್ಷ ಅವರಿಗೆ ಇಷ್ಟು ಹಗುರ ಅನಿಸಿರಲಿಲ್ಲ. ಅಷ್ಟು ಸಂತೋಷವನ್ನು ಎಲ್ಲಿಡುವುದೆಂದು ತಿಳಿಯದೆ ದಾರಿಯುದ್ದಕ್ಕೂ ಸುಮ್ಮನೆ ನಗುತ್ತಿದ್ದರು.

ಬಸ್ಸಿನ ಸುತ್ತ ನೆರೆದ ಜನವನ್ನು ಕಂಡು ಕಂಡಕ್ಟರ್ ಗಾಬರಿಯಾದ. "ಎಂತ ಮಾರಾಯ್ರೆ, ದಿಬ್ಬಣವಾ? ಎಷ್ಟು ಜನ ಹತ್ತೋರು?"

"ಇಬ್ರು. ನಾನು, ನನ್ನ ಹೆಂಡ್ತಿ," ಎಂದ ಜಯಶೀಲ, ಮೆಟ್ಟಿಲ ಮೇಲೆ ನಿಂತು, ಸುತ್ತಲಿನ ಅಂಗಡಿಯವರಿಗೂ ಕೇಳುವಷ್ಟು ಜೋರಾಗಿ. "ಕುಡ್ತ ಬಿಡೋಕೆ ಹೋಗ್ತಾ ಇದೀನಿ. ಇವ್ರೆಲ್ಲ ನಮ್ಮ ಮನೆಯವ್ರು."