ಪ್ರೂಫಕ್ಕನ ರಜೆ

ಆ ಮುದ್ರಣಾಲಯದಲ್ಲಿ ಕರಡು ತಿದ್ದುವವಳನ್ನು ಎಲ್ಲರೂ ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷಗಳಿಂದ ತಪ್ಪು ಹೆಕ್ಕುತ್ತಾ ಬಂದ ಅವಳ ಮುಂದೆ ಈ ಸಲ ಬಂದು ಕುಳಿತದ್ದು ದಾದಿಯರ ಕೈಪಿಡಿ. ಯಾವ ವಯಸ್ಸಿನ ಮಗುವಿಗೆ ಯಾವ ಔಷಧಿ ಎಷ್ಟು ಹನಿ ಎಂದು ಹೇಳುವ ನೂರಿಪ್ಪತ್ತು ಪುಟಗಳು. ಒಂದು ಸೊನ್ನೆ ಆಚೀಚೆಯಾದರೆ ಮದ್ದೇ ವಿಷ. ಶುಕ್ರವಾರದೊಳಗೆ ಮುಗಿಯಬೇಕಿತ್ತು.

ಸೋಮವಾರ ಅವಳು ಸ್ಕೇಲನ್ನು ಮೊದಲ ಸಾಲಿನ ಕೆಳಗೆ ಇಟ್ಟಳೋ ಇಲ್ಲವೋ, ಬೈಂಡರ್ ತಲೆ ಹಾಕಿದ. "ಅಕ್ಕಾ, ಗೋಂದಿನ ಡಬ್ಬ ನೋಡಿದ್ರಾ?" ಅವನು ಹೋದ ಮೇಲೆ ಟೈಪಿಸ್ಟ್ ಬಂದಳು. ಅವಳ ನಾದಿನಿಯ ಮದುವೆ ಮುರಿದ ಕತೆ ಅಲ್ಪವಿರಾಮಗಳಲ್ಲೇ ಸಾಗಿತು, ಪೂರ್ಣವಿರಾಮ ಬೀಳಲೇ ಇಲ್ಲ. ನಡುವೆ ಯಜಮಾನರು ಮೂರು ಸಲ ಬಂದು, "ಎಲ್ಲಿಗೆ ಬಂತಮ್ಮಾ?" ಎಂದು ವಿಚಾರಿಸಿದರು. ಮೂರು ಸಲವೂ ಅದು ಅಲ್ಲೇ ಇತ್ತು.

ಮಂಗಳವಾರ, ಹಿಂದಿನ ಸಂಜೆ ಆ ಗದ್ದಲದ ನಡುವೆಯೇ ತಾನು ನೋಡಿ ಸಹಿ ಹಾಕಿದ್ದ ಪುಟದಲ್ಲಿ ಐದು ಹನಿ ಐವತ್ತಾಗಿದ್ದದ್ದು ಕಣ್ಣಿಗೆ ಬಿತ್ತು. ಹಾಳೆ ಹಿಡಿದು ನೇರ ಯಜಮಾನರ ಕೋಣೆಗೆ ಹೋದಳು.

"ಸಾರ್, ಒಂದು ಮಗು ಜೀವ ಹೋಗ್ತಿತ್ತು. ನನ್ನನ್ನ ಸ್ವಲ್ಪ ನನ್ನ ಪಾಡಿಗೆ ಬಿಡಿ."

ಯಜಮಾನರು ನಿಜಕ್ಕೂ ಬೆವೆತರು. ಒಳ್ಳೆಯ ಮನುಷ್ಯ, ತಡ ಮಾಡಲಿಲ್ಲ. ಏಕಾಗ್ರತೆಯ ಬಗ್ಗೆ ಚರ್ಚಿಸಲು ಆಗಿಂದಾಗಲೇ ಎಲ್ಲರನ್ನೂ ಕರೆದು ಕೂರಿಸಿದರು. ಸಭೆ ಮಧ್ಯಾಹ್ನದವರೆಗೆ ನಡೆಯಿತು. ಗದ್ದಲದ ಕಷ್ಟ ಬಲ್ಲವಳು ಅವಳೊಬ್ಬಳೇ ಆದ್ದರಿಂದ, ಕೊನೆಗೆ ಅವಳನ್ನೇ ಗದ್ದಲ ತಡೆಯುವ ಮೇಲ್ವಿಚಾರಕಿಯನ್ನಾಗಿ ನೇಮಿಸಿದರು.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಿತಂತೆ. ಬುಧವಾರ ಅವಳ ಮೇಜಿನ ಮುಂದೆ ದೂರುಗಳ ಸರದಿ. ಬೈಂಡರ್ ಸುತ್ತಿಗೆ ಬಡಿಯುತ್ತಾನೆ ಎಂದು ಟೈಪಿಸ್ಟ್, ಟೈಪಿಸ್ಟ್ ಫೋನಿನಲ್ಲಿ ಕಿರುಚುತ್ತಾಳೆ ಎಂದು ಬೈಂಡರ್. "ಈಗ ನೆಮ್ಮದಿಯಾಗಿದೆ ತಾನೇ?" ಎಂದು ಯಜಮಾನರು ಗಂಟೆಗೊಮ್ಮೆ ಬಂದು ಕೇಳಿದರು. ಸಂಜೆ ಅವಳು ಉಳಿದ ಹಾಳೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಫೋನ್ ಮಾಡಿ, "ತಲೆ ಸಿಡೀತಿದೆ ಸಾರ್, ಎರಡು ದಿನ ರಜೆ ಬೇಕು" ಎಂದಳು. ಅದೇನೂ ಸುಳ್ಳಾಗಿರಲಿಲ್ಲ. ಮನೆಯಲ್ಲಿ ಕೂತರೆ ಅತ್ತೆಯ ಮಾತಿಗೆ ಕಿವಿ ಕೊಡಬೇಕು. ಹಾಗಾಗಿ ಬಸ್ ನಿಲ್ದಾಣಕ್ಕೆ ಹೋಗಿ ಕಂಬದ ಪಕ್ಕದ ಬೆಂಚು ಹಿಡಿದಳು. ಹಾರ್ನು, ಕೂಸುಗಳ ಅಳು, ಧ್ವನಿವರ್ಧಕದ ಕೂಗು. ಆದರೆ ಅಷ್ಟು ಗದ್ದಲದಲ್ಲಿ ಒಂದು ಮಾತೂ ಅವಳಿಗೆಂದು ಆಡಿದ್ದಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಸಲೀಸಾಗಿ ಇಳಿಯಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂ ಏಳು ತಪ್ಪು ಸಿಕ್ಕವು, ಕೊನೆಯ ಪುಟವೂ ಮುಗಿಯಿತು.

ಅಂದೇ ಸಂಜೆ ಮುದ್ರಣಾಲಯದಲ್ಲಿ ಹಾಳೆಗಳನ್ನು ಕೈಗೆ ತೆಗೆದುಕೊಂಡ ಯಜಮಾನರ ಮುಖ ಅರಳಿತು. "ನೋಡಿದ್ಯಾಮ್ಮಾ, ನಮ್ಮ ಹೊಸ ವ್ಯವಸ್ಥೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತು!" ಎಂದರು. ಹಾಗೆನ್ನುತ್ತಲೇ ಹಾಜರಿ ಪುಸ್ತಕದಲ್ಲಿ ಅವಳ ಎರಡು ದಿನದ ರಜೆಯನ್ನೂ ಬರೆದುಕೊಂಡರು.

ಹೊರಗೆ ಬಂದಾಗ ಬಾಗಿಲ ಮೇಲೆ ಹೊಸ ಫಲಕ ಕಂಡಿತು. ಗಾಜಿನ ಚೌಕಟ್ಟು, ಅಂಗೈಯಗಲದ ಅಕ್ಷರ: 'ನಿಶ್ಶಬ್ಧ'. ದಕಾರ ಇರಬೇಕಾದಲ್ಲಿ ಧಕಾರ ಹೊಟ್ಟೆ ಸೀಳಿಕೊಂಡು ಕೂತಿತ್ತು. ಅವಳ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಒಳಗೆ ಇಣುಕಿದಳು. ಅಪರೂಪಕ್ಕೆ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಪಾಪ, ಅಡ್ಡಿಪಡಿಸುವುದೇಕೆ ಎಂದುಕೊಂಡು ಮೆಟ್ಟಿಲಿಳಿದು ಹೊರಟೇಬಿಟ್ಟಳು.