ಟೇಪಣ್ಣ ಮುಚ್ಚಿದ ತೂತು

ಅಕ್ಕನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಟೇಪಣ್ಣನ ಜೀವ ಹಣ್ಣಾಗಿತ್ತು. ಬೆಳಗಿನಿಂದ ಎರಡು ಮನೆಗಳ ಕಟ್ಟಿಕೊಂಡ ಮೋರಿ ಬಿಡಿಸಿ, ಮೂರನೆಯ ಮನೆಯಾಕೆಯ ಹತ್ತಿರ ಸುಮ್ಮಸುಮ್ಮನೆ ಬೈಸಿಕೊಂಡು ಬಂದಿದ್ದ. ಅವನು ಪ್ಲಂಬರ್. ಟೇಪಣ್ಣ ಅನ್ನುವುದು ಜೊತೆಯ ಕೆಲಸಗಾರರು ಇಟ್ಟ ಹೆಸರು. ಕಂಡ ಕಂಡ ನಲ್ಲಿಗೆ, ಜೋಡಣೆಗೆ, ಸೋರದೇ ಇರುವುದಕ್ಕೂ ಎರಡು ಸುತ್ತು ಬಿಳಿ ಟೇಪು ಸುತ್ತಿ ಬರುವ ಆಸಾಮಿ ಅವನು. ತಾನು ಮುಟ್ಟಿದ ಪೈಪು ಇವತ್ತಿನವರೆಗೆ ಒಂದು ಹನಿ ತೊಟ್ಟಿಕ್ಕಿಲ್ಲ ಅನ್ನುವುದೊಂದು ಜಂಬ. ಜಂಬ ಪಡುವುದಕ್ಕೆ ಅವನ ಹತ್ತಿರ ಬೇರೇನೂ ಇರಲಿಲ್ಲ ಅನ್ನಿ.

ಬಾಗಿಲು ತೆಗೆದ ಅಕ್ಕನನ್ನು ನೋಡಿದರೆ ತನ್ನ ಸುಸ್ತೇ ವಾಸಿ ಅನ್ನಿಸಿತು. ಕೂದಲಿಗೆ ಬಾಚಣಿಗೆ ತಾಗಿ ಎಷ್ಟು ದಿನವಾಗಿತ್ತೋ. ಕಾಲಿನ ಗಿಣ್ಣು ಊದಿಕೊಂಡು, ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡೇ ಓಡಾಡುತ್ತಿದ್ದಳು.

"ಬಂದ್ಯಾ? ಬಾ. ಅವರಿಗೆ ಈಗ ಬಟ್ಟೆ ಬದಲಾಯಿಸಿ ಕೂರಿಸಿದೀನಿ. ಇನ್ನೊಂದು ಗಂಟೆ ಏನೂ ತೊಂದ್ರೆ ಇಲ್ಲ," ಅಂದಳು. ಗಂಡನ ಎದುರಿಗೇ ಅಂದಳು. ಒಂದು ವರ್ಷದಿಂದ ಆ ಮನೆಯಲ್ಲಿ ಎಲ್ಲ ಮಾತೂ ಅವರ ಎದುರಿಗೇ ನಡೆಯುತ್ತಿತ್ತು.

ಭಾವ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಒಂದು ಕಡೆ ವಾಲಿಕೊಂಡು ಕೂತಿದ್ದರು. ಗಾಜು ಕೊಯ್ಯುವ ಕಸುಬಿನವರು. ಒಂದು ಕಾಲಕ್ಕೆ ಅವರು ಬಾಯಿ ತೆರೆದರೆ ಬೀದಿ ಕೊನೆಯವರೆಗೆ ಕೇಳುತ್ತಿತ್ತು. ಹೋದ ವರ್ಷ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಅದರ ಜೊತೆಗೇ ಹೋಯಿತು. ಎಡಗೈ ಆಗಾಗ ಕುರ್ಚಿಯ ಹಿಡಿಕೆಗೆ ಬಡಿಯುತ್ತಿತ್ತು, ಗಂಟಲಿನಿಂದ ಏನೋ ಒಂದು ಸದ್ದು ಬರುತ್ತಿತ್ತು, ಅಷ್ಟೆ. ಅವರಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಹೇಳಲಾಗದು, ಹೆಚ್ಚಿಗೆ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು ಡಾಕ್ಟರು.

ಅಂಥವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದನ್ನು ಹುಡುಕಿದವನು ಟೇಪಣ್ಣನೇ. ಒಂದು ಹಾಸಿಗೆ ಖಾಲಿ ಇದೆ, ನಾಳೆಯೊಳಗೆ ಹೇಳಿ ಎಂದಿದ್ದರು ಅಲ್ಲಿಯವರು. ಅವನು ಕೆಟ್ಟವನಲ್ಲ. ಭಾವ ಹೇಗೂ ಹೋದಂತೆಯೇ, ಅಕ್ಕನಾದರೂ ಉಳಿಯಲಿ ಅನ್ನುವುದು ಅವನ ಲೆಕ್ಕ. ಅಕ್ಕ ಮಾತ್ರ ಒಂದು ಹಟ ಹಿಡಿದಿದ್ದಳು. ಭಾವ ತಾವೇ ಕೈಯಾರೆ ಮಾಡಿದ ಮೀನಿನ ತೊಟ್ಟಿ ಅಟ್ಟದ ಮೇಲಿದೆ, ಹಾಸಿಗೆಗೆ ಜಾಗ ಬೇಕೆಂದು ಬಿಚ್ಚಿಟ್ಟದ್ದು, ಅದನ್ನೊಂದು ಸಲ ಜೋಡಿಸಿ ನೀರು ಹರಿಸಬೇಕು. "ನೋಡಿ ಅವರಿಗೆ ಏನಾದ್ರೂ ಗುರುತು ಹತ್ತಿದ್ರೆ ಮನೇಲೇ ಇರ್ಲಿ. ಹತ್ತಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ ಆಗ್ಲಿ. ಆಮೇಲೆ ನಾನು ತುಟಿ ಪಿಟಕ್ಕನ್ನಲ್ಲ."

"ಮೀನೇ ಇಲ್ಲದ ತೊಟ್ಟಿ ನೋಡಿ ಏನು ಗುರುತು ಹಿಡೀತಾರಕ್ಕಾ?"

"ನೀರು ಕೆಲವು ವಾರ ಹರಿದು ಹದಕ್ಕೆ ಬಂದ ಮೇಲೇ ಮೀನು ಬಿಡ್ಬೇಕು ಅಂತ ಅವರೇ ಹೇಳ್ತಿದ್ರು. ನಮಗೆಲ್ಲಿದೆ ಅಷ್ಟು ಟೈಮು? ಜೋಡಿಸು ಸುಮ್ನೆ."

ಟೇಪಣ್ಣ ಜೋಡಿಸಲು ಕೂತ. ತೊಟ್ಟಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಡುವಾಗ ಇಬ್ಬರ ಸೊಂಟವೂ ಕಳಚಿಬಿದ್ದಂತಾಯಿತು. ಸಂಪ್ ಅಂದರೆ ಅವನಿಗೆ ಗೊತ್ತಿದ್ದದ್ದು ನೆಲದಲ್ಲಿ ಹೂತ ನೀರಿನ ತೊಟ್ಟಿ. ಇಲ್ಲಿಯದು ಬೇರೆ: ಸ್ಟ್ಯಾಂಡಿನ ಕೆಳಗೆ ಕೂರುವ ಇನ್ನೊಂದು ಪುಟ್ಟ ಗಾಜಿನ ತೊಟ್ಟಿ, ಒಳಗೆ ಮೂರು ಕೋಣೆ. ಮೇಲಿನ ತೊಟ್ಟಿ ತುಂಬಿ ಉಕ್ಕಿದ ನೀರು ಹಿಂದಿನ ಪೈಪಿನಲ್ಲಿ ಇಳಿದು ಮೊದಲ ಕೋಣೆಯ ಸ್ಪಂಜಿಗೆ ಬರುತ್ತದೆ, ಎರಡನೆಯದರಲ್ಲಿ ಸಣ್ಣ ಕಲ್ಲುಗಳ ನಡುವೆ ನುಸುಳುತ್ತದೆ, ಮೂರನೆಯದರಲ್ಲಿರುವ ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಆ ಪೈಪು ತೊಟ್ಟಿಯ ಅಂಚು ದಾಟಿ, ಬಾಗಿ, ನೀರಿನ ಆಳದವರೆಗೆ ಇಳಿದಿತ್ತು. ಗಾಜಿನ ಅಂಚುಗಳನ್ನು ಭಾವ ಎಷ್ಟು ನಯವಾಗಿ ಉಜ್ಜಿದ್ದರೆಂದರೆ ಬೆರಳಿಗೆ ಒಂದು ಗೀರು ಆಗಲಿಲ್ಲ.

ಕೆಲಸದ ನಡುವೆ ಅಕ್ಕ ಗೋಡೆಗೆ ಒರಗಿ ಮಾತಾಡುತ್ತಲೇ ಇದ್ದಳು. "ಸಾಕಾಗಿದೆ ಕಣೋ. ಅವತ್ತೇ ಹೋಗಿಬಿಟ್ಟಿದ್ರೆ ಅವರಿಗೂ ಬಿಡುಗಡೆ, ನನಗೂ ಬಿಡುಗಡೆ ಅಂತ ಒಂದೊಂದ್ಸಲ ಅನ್ಸುತ್ತೆ. ಹಾಗನ್ಸಿದ್ದಕ್ಕೆ ಮತ್ತೆ ಅಳು ಬರುತ್ತೆ." ಟೇಪಣ್ಣ ಹೂಂ ಅಂದ. ಇನ್ನೊಂದು ಜೋಡಣೆ ಬಿಗಿ ಮಾಡಿದ.

ಎರಡೂ ತೊಟ್ಟಿಗೆ ನೀರು ಬಿಟ್ಟು ಪಂಪು ಚಾಲೂ ಮಾಡಿದ. ತೊಟ್ಟಿ ಇನ್ನೂ ತುಂಬುತ್ತಿತ್ತು. ಇದ್ದಕ್ಕಿದ್ದಂತೆ ಪೈಪಿನ ಬಾಗಿನ ಹತ್ತಿರದಿಂದ ಒಂದು ಸಣ್ಣ ಚಿಲುಮೆ ಚಿಮ್ಮಿ ನೇರ ಅವನ ಕಣ್ಣಿಗೇ ಹೊಡೆಯಿತು. ನೋಡಿದರೆ ಪೈಪಿಗೆ ಒಂದು ತೂತು, ಅಕ್ಕಿಕಾಳು ಹಿಡಿಸುವಷ್ಟು. ಟೇಪಣ್ಣನ ಪಿತ್ತ ನೆತ್ತಿಗೇರಿತು.

"ಏನ್ ಭಾವ, ಇಷ್ಟು ಚೆಂದದ ಕೆಲಸ ಮಾಡಿ ತೂತಿನ ಪೈಪ್ ಹಾಕಿದೀರಲ್ಲ!" ಅಂದವನೇ ಪಂಪು ನಿಲ್ಲಿಸಿ, ಪೈಪು ಬಿಚ್ಚಿ ಒರೆಸಿ, ತೂತಿಗೆ ಅಂಟು ತುಂಬಿದ. ಅದು ಒಣಗಿದ ಮೇಲೆ ಮೇಲಿಂದ ಟೇಪು ಸುತ್ತಿದ, ಎರಡಲ್ಲ, ನಾಲ್ಕು ಸುತ್ತು.

ಅವನು ಅಂಟು ತುಂಬುವಾಗಲೇ ಭಾವನ ಗಂಟಲಿನಿಂದ ಸದ್ದು ಶುರುವಾಗಿತ್ತು. ಆ... ಆ... ಎಂದು. ಎಡಗೈ ಮುಷ್ಟಿ ಕಟ್ಟಿ ಕುರ್ಚಿಯ ಹಿಡಿಕೆಗೆ ಗುದ್ದತೊಡಗಿತು.

"ನೀರು ಬೇಕಾ? ಹಸಿವಾ?" ಅಕ್ಕ ಓಡಿಬಂದಳು. ಬಾಯಿಗೆ ಲೋಟ ಹಿಡಿದರೆ ತಲೆ ತಿರುಗಿಸಿದರು. ಬಟ್ಟೆ ಮುಟ್ಟಿ ನೋಡಿದಳು, ಒಣಗಿಯೇ ಇತ್ತು. ಟೇಪಣ್ಣ ಪೈಪು ಜೋಡಿಸಿ ಮತ್ತೆ ಪಂಪು ಹಾಕಿದ. ಈಗ ಒಂದು ಹನಿ ಆಚೆ ಈಚೆ ಇಲ್ಲ, ನೀರು ಜುಳುಜುಳು ಎಂದು ಮೇಲೆ ಹತ್ತಿ ಕೆಳಗೆ ಇಳಿಯುತ್ತಿತ್ತು. ಭಾವನ ಕೂಗು ಮಾತ್ರ ಮನೆ ಹಾರಿಹೋಗುವ ಹಾಗೆ ಜೋರಾಯಿತು. ಕಣ್ಣಲ್ಲಿ ನೀರು, ಬಾಯಿಂದ ಜೊಲ್ಲು, ಹಿಡಿಕೆಯ ಮೇಲೆ ಧಬಧಬ.

"ನೋಡಕ್ಕಾ, ಇದೂ ಬೇಡ ಅವರಿಗೆ. ಆ ಸದ್ದಿಗೆ ಹೆದರಿಕೊಂಡಿದಾರೆ."

ಅಕ್ಕ ಗಂಡನ ಮುಖ ನೋಡಿದಳು. ತೊಟ್ಟಿ ನೋಡಿದಳು. ಅವಳ ಆಸೆ ಅಲ್ಲಿಗೇ ಮುರಿದುಬಿತ್ತು. ಪಂಪಿನ ಸ್ವಿಚ್ಚು ಆರಿಸಿದಳು. ಕುರ್ಚಿ ತಳ್ಳಿಕೊಂಡು ಹೋಗಿ ಅವರನ್ನು ಒಳಕೋಣೆಯಲ್ಲಿ ಬಿಟ್ಟು, ಅಡಿಗೆಮನೆಗೆ ಬಂದು ಟೀಗೆ ನೀರಿಟ್ಟಳು.

"ನಾಳೆ ಬರ್ಲಿ ಅಂತ ಹೇಳ್ಬಿಡು ಆ ಆರೈಕೆ ಮನೆಯವರಿಗೆ," ಅಂದಳು. "ನನ್ನ ಕೈಲಿ ಇನ್ನಾಗಲ್ಲ."

ತಾನು ಇಷ್ಟು ದಿನ ಕಾಯುತ್ತಿದ್ದ ಮಾತು. ಬಂದಾಗ ಟೇಪಣ್ಣನಿಗೆ ಯಾವ ನೆಮ್ಮದಿಯೂ ಆಗಲಿಲ್ಲ. ಇಬ್ಬರೂ ಟೀ ಕುಡಿದರು. ಒಳಕೋಣೆಯಿಂದ ಗುದ್ದುವ ಸದ್ದು ಬರುತ್ತಲೇ ಇತ್ತು. "ಸುಸ್ತಾದ್ರೆ ತಾವೇ ನಿಲ್ಲಿಸ್ತಾರೆ, ಬಿಡು," ಅಂದಳು ಅಕ್ಕ, ಎದ್ದು ಹೋಗುವ ತ್ರಾಣ ಅವಳಿಗೂ ಇರಲಿಲ್ಲ.

ಪಾದಕ್ಕೆ ತಣ್ಣಗೆ ತಾಗಿದಾಗ ಟೇಪಣ್ಣ ಕೆಳಗೆ ನೋಡಿದ. ಬಾಗಿಲ ಸಂದಿಯಿಂದ ನೀರು ಅಡಿಗೆಮನೆಗೆ ಹರಿದು ಬರುತ್ತಿತ್ತು.

ಎದ್ದೆನೋ ಬಿದ್ದೆನೋ ಎಂದು ಓಡಿದರು. ಹೊರಕೋಣೆ ಕೆರೆಯಾಗಿತ್ತು. ಮೇಲಿನ ತೊಟ್ಟಿ ಅರ್ಧಕ್ಕಿಂತ ಹೆಚ್ಚು ಬರಿದಾಗಿತ್ತು, ಕೆಳಗಿನ ಸಂಪ್ ಉಕ್ಕಿ ನಾಲ್ಕೂ ಕಡೆ ಚೆಲ್ಲುತ್ತಿತ್ತು. ಪಂಪು ನಿಂತಿತ್ತು, ಆದರೂ ನೀರು ನಿಂತಿರಲಿಲ್ಲ. ನೀರನ್ನು ಮೇಲಕ್ಕೆ ತಳ್ಳಬೇಕಾದ ಪೈಪೇ ಅದನ್ನು ವಾಪಸ್ಸು ಕೆಳಕ್ಕೆ ಎಳೆದುಕೊಳ್ಳುತ್ತಿತ್ತು. ಟೇಪಣ್ಣ ಪೈಪಿನ ಬಾಯಿ ನೀರಿನಿಂದ ಮೇಲೆತ್ತಿದ. ಗೊಳಕ್ ಅಂತ ಗಾಳಿ ಹೊಕ್ಕಿತು, ಹರಿವು ಅಲ್ಲಿಗೇ ನಿಂತಿತು.

ಪೈಪು ಕೈಯಲ್ಲಿ ಹಿಡಿದು ಅವನು ಹಾಗೇ ನಿಂತ. ಟೇಪಿನ ನಾಲ್ಕು ಸುತ್ತು ಎದುರಿಗಿತ್ತು. ತೊಟ್ಟಿ ತುಂಬಿದಾಗ ಆ ತೂತು ನೀರಿನಡಿಗೇ ಇರುತ್ತದೆ; ಪಂಪು ನಿಂತಾಗ ನೀರಿನ ಮಟ್ಟ ಬೆರಳಗಲ ಇಳಿದರೆ ಸಾಕು, ತೂತು ಬಯಲಾಗಿ ಗಾಳಿ ಎಳೆದುಕೊಳ್ಳುತ್ತದೆ, ಎಳೆತ ತಪ್ಪುತ್ತದೆ. ಅದಕ್ಕೆಂದೇ ಕೊರೆದ ತೂತು ಅದು. ಸೋರುವುದು ಅಂದರೆ ಮುಚ್ಚುವುದು ಅಂತಲೇ ಬದುಕಿದ ಮನುಷ್ಯ ಅದನ್ನು ಮುಚ್ಚಿಬಿಟ್ಟಿದ್ದ.

ಅಕ್ಕ ಬಟ್ಟೆ ತಂದು ಒರೆಸಲು ಬಗ್ಗಿದ್ದಳು. ಅವನು ಅವಳನ್ನು ದಾಟಿ, ಪೈಪು ಹಿಡಿದುಕೊಂಡೇ ಒಳಕೋಣೆಗೆ ಹೋದ.

"ಭಾವಾ, ಈ ತೂತು ಮುಚ್ಬೇಡ ಅಂತಾನಾ ನೀವು ಕೂಗಿದ್ದು?"

ಭಾವ ಅವನನ್ನೇ ನೋಡಿದರು. ಮುಷ್ಟಿ ಎದ್ದು ಹಿಡಿಕೆಗೆ ಬಿತ್ತು. ಒಂದೇ ಸಲ.

"ಹಾಗಾದ್ರೆ ನಾನು ಮುಚ್ಚಿದ್ದು ಸರಿ?"

ಕೈ ಅಲುಗಲಿಲ್ಲ.

"ನಾನೊಬ್ಬ ಕತ್ತೆ, ಅಲ್ವಾ?"

ಧಬ್! ಈ ಸಲ ಹಿಡಿಕೆ ಮುರಿಯುವಷ್ಟು ಜೋರಾಗಿ. ಭಾವನ ತುಟಿಯ ಎಡ ತುದಿ ಮೇಲಕ್ಕೆ ಹೋಯಿತು. ಟೇಪಣ್ಣನಿಗೆ ನಗುವೂ ಬಂತು, ಅಳುವೂ ಬಂತು.

ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತ ಅಕ್ಕ ಇದೆಲ್ಲ ನೋಡಿದ್ದಳು. ಅವಳು ನಗಲಿಲ್ಲ. ಬಂದು ಗಂಡನ ಎದುರು ನೆಲದ ಮೇಲೆ ಕುಸಿದು ಕೂತಳು.

"ಎಲ್ಲಾ ಕೇಳಿಸ್ತಿತ್ತಾ ನಿಮಗೆ? ವರ್ಷ ಪೂರ್ತಿ? ನಾನು ಆಡಿದ್ದೆಲ್ಲ?"

ಮುಷ್ಟಿ ಮೆಲ್ಲಗೆ ಬಿತ್ತು.

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಏನೇನು ಅಂದಿದ್ದಳೋ, ಯಾರ್ಯಾರ ಎದುರಿಗೆ ಅಂದಿದ್ದಳೋ ಅವಳಿಗೇ ಗೊತ್ತು. ಟೇಪಣ್ಣನಿಗೆ ತಾನು ಅಂದದ್ದೂ ಒಂದೊಂದಾಗಿ ನೆನಪಾಗಿ ನಾಚಿಕೆಯಾಯಿತು. ಆಮೇಲೆ ಅಕ್ಕ ಕೈ ತೆಗೆದಳು.

"ನಾಳೆ ಬರ್ತಾರೆ ಅನ್ನೋದೂ ಗೊತ್ತಲ್ಲ ನಿಮಗೆ. ನೀವೇ ಹೇಳಿ. ಅಲ್ಲಿಗೆ ಹೋಗ್ತೀರಾ?"

ಆ ಕೈ ಅಲುಗದಿರಲಿ ಎಂದು ಟೇಪಣ್ಣ ಮನಸ್ಸಿನಲ್ಲೇ ಬೇಡಿಕೊಂಡ. ಭಾವ ಹೆಂಡತಿಯನ್ನು ನೋಡಿದರು. ಕೆದರಿದ ತಲೆ, ಊದಿದ ಕಾಲು, ಒದ್ದೆ ಸೆರಗು, ಎಲ್ಲವನ್ನೂ ನಿಧಾನವಾಗಿ ನೋಡಿದರು. ಆಮೇಲೆ ಮುಷ್ಟಿ ಎತ್ತಿ ಹಿಡಿಕೆಯ ಮೇಲೆ ಇಟ್ಟರು. ಸ್ಪಷ್ಟವಾಗಿ, ಒಂದು ಸಲ.

"ಏನು?" ಅಂದಳು ಅಕ್ಕ.

ಮತ್ತೊಂದು ಸಲ.

"ನನ್ನ ಸುಸ್ತು ನೋಡಿ ಹೇಳ್ತಿದೀರಾ? ನನಗೋಸ್ಕರ?"

ಮತ್ತೊಂದು ಸಲ.

ಅಕ್ಕ ಧಡಕ್ಕನೆ ಎದ್ದಳು. "ಓಹೋ! ವರ್ಷ ಪೂರ್ತಿ ನಿಮ್ಮ ಬೆನ್ನು ಉಜ್ಜಿ ನನ್ನ ಬೆನ್ನು ಮುರ್ಕೊಂಡಿದೀನಿ. ಈಗ ದೊಡ್ಡ ತ್ಯಾಗ ಮಾಡೋಕೆ ಹೊರಟ್ರಾ? ಇಷ್ಟು ದಿನ ಬುದ್ಧಿ ನೆಟ್ಟಗಿತ್ತಲ್ಲ, ಹಿಂಗೆ ಹಿಡಿಕೆ ಗುದ್ದಿ ಹೂಂ ಅನ್ನೋಕೆ ಏನಾಗಿತ್ತು ನಿಮಗೆ? ನಾನು ಗೋಡೆ ಜೊತೆ ಮಾತಾಡ್ತಿದೀನಿ ಅನ್ಕೊಂಡು ಹುಚ್ಚಿ ಆಗಿದ್ದೆ!"

ಭಾವ ಧಬಧಬ ಗುದ್ದಿದರು. ಅವರು ಗುದ್ದುತ್ತಲೇ ಬಂದಿದ್ದರು, ಕೇಳಿದವರು ಯಾರು? ಅದು ಅಕ್ಕನಿಗೂ ಹೊಳೆದಿರಬೇಕು, ಅವಳ ದನಿ ಒಡೆಯಿತು. ಒಡೆದರೂ ಬೈಗುಳ ನಿಲ್ಲಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಬೈದಳು, ಅವರ ಜೊಲ್ಲು ಒರೆಸುತ್ತಾ ಬೈದಳು.

"ಅಕ್ಕಾ," ಎಂದ ಟೇಪಣ್ಣ ಮೆಲ್ಲಗೆ. "ಆ ಮನೆಯವರಿಗೆ ಏನು ಹೇಳ್ಲಿ?"

"ನಾವಿಬ್ರೂ ಇನ್ನೂ ಮಾತಾಡ್ತಾ ಇದೀವಿ ಅನ್ನು. ಮಧ್ಯೆ ಬಾಯಿ ಹಾಕ್ಬೇಡ, ಹೋಗು, ನೆಲ ಒರೆಸು."

ಅವನು ಬಟ್ಟೆ ಎತ್ತಿಕೊಂಡು ಹೊರಗೆ ಬಂದ. ಬಕೆಟ್ಟು ಹತ್ತಿರ ಎಳೆದುಕೊಂಡು, ಮಂಡಿಯೂರಿ, ಒರೆಸಿ ಹಿಂಡತೊಡಗಿದ. ಒಳಗೆ ಅಕ್ಕ ಒಂದು ಮಾತು ಅನ್ನುತ್ತಿದ್ದಳು, ಆಮೇಲೆ ಹಿಡಿಕೆಯ ಸದ್ದಿಗೆ ಕಾಯುತ್ತಿದ್ದಳು.